ಬಿಚ್ಚಲೆಂದೇ ಹಾಕಿದ ಹೊಲಿಗೆ

ಬೆಸಿಕ್, ಬೆಲ್ಟನ್ನು ಮೇಜಿನ ಮೇಲಿಡು.
ಮೊದಲು ಕೂತುಕೋ. ತೊಡೆಯ ಬಾಸುಂಡೆ
ಇನ್ನೂ ಆರಿಲ್ಲವೆಂದು ನಿನ್ನ ನಡಿಗೆಯೇ ಹೇಳುತ್ತಿದೆ.

ಕೊಡುವುದಿಲ್ಲ ಅನ್ನುತ್ತೀಯ.
ಮನೆಗೊಯ್ದು, ಅಮ್ಮ ಮೇಣದಬತ್ತಿ ಹಚ್ಚುವ
ಸಂತ ಗಿಯೋರ್ಗಿಯ ಪಟದ ಪಕ್ಕ
ಮೊಳೆ ಹೊಡೆದು ತೂಗುಹಾಕುತ್ತೀಯಂತೆ.
ಹತ್ತೊಂಬತ್ತನೇ ಮಹಡಿಯಿಂದ ಜಾರಿದರೂ
ಮೀಸೆ ಮಣ್ಣಾಗಲಿಲ್ಲವೆಂದು
ಖಚಾಪುರಿ ಅಂಗಡಿಯಲ್ಲಿ ಮೂರು ದಿನದಿಂದ ಅದೇ ಕತೆ.
ಇರಲಿ.
ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ ನಿನಗೆ.

ಇಪ್ಪತ್ತಾರು ವರ್ಷ ಕೋಟಿನ ಕಾರ್ಖಾನೆಯಲ್ಲಿ ಹೊಲಿದವಳು ನಾನು.
ಜೇಬು, ಕಾಲರು, ಕಂಕುಳು.
ಹೊಲಿಗೆ ಬಿಚ್ಚಿದರೆ ಸಂಬಳ ಮುರಿಯುತ್ತಿದ್ದರು.
ಬಿಚ್ಚದ ಹಾಗೆ ಹೊಲಿಯುವುದು,
ನನಗೆ ಗೊತ್ತಿದ್ದ ಧರ್ಮ ಅದೊಂದೇ.
ಆಮೇಲೆ ಕಾರ್ಖಾನೆ ಮುಚ್ಚಿತು. ಬಟುಮಿಯ ದಂಡೆಗುಂಟ
ಗಾಜಿನ ಗೋಪುರಗಳು ಎದ್ದವು.
ಬೆಲ್ಟು ಪರೀಕ್ಷಿಸಲು ಹೊಲಿಗೆ ಬಲ್ಲ ಕಣ್ಣು ಬೇಕು ಅಂದರು.
ಕನ್ನಡಕ ಒರೆಸಿಕೊಂಡು ಬಂದೆ.

ಈಗ ನೋಡು.
ಹಗ್ಗದ ಈ ತುದಿಯಲ್ಲಿ ಮಡಿಸಿಟ್ಟಿದ್ದ ಪಟ್ಟಿ, ಅದರ ಕೆಂಪು ನೂಲು:
ಈ ಹೊಲಿಗೆ ಹಾಕಿದ್ದೇ ಬಿಚ್ಚಲೆಂದು.
ಮೊದಲ ದಿನ ನಕ್ಕಿದ್ದೆ, ಯಾವ ದರ್ಜಿಯ ಕೈಗೆಲಸ ಇದು ಅಂತ.
ನೀನು ಬೀಳುವಾಗ ಒಂದೊಂದೇ ಎಳೆ ಹರಿದು
ಬಿದ್ದ ರಭಸವನ್ನು ಚೂರುಚೂರಾಗಿ ತಿಂದಿತು.
ಅದು ಹರಿಯದೆ ಹಟ ಹಿಡಿದಿದ್ದರೆ
ಹರಿಯುತ್ತಿದ್ದುದು ನಿನ್ನ ಒಳಗು.

ಒಂದೇ ಸಲ, ಬೆಸಿಕ್. ಇದಕ್ಕೆ ಬರುವುದು ಅದೊಂದೇ ಕೆಲಸ.
ಇನ್ನೊಮ್ಮೆ ಕೇಳಿದರೆ ಕೈಕೊಡುತ್ತದೆ.
ನೀನು ಗೋಡೆಗೆ ಹಾಕುತ್ತೀಯ, ಸರಿ.
ಹಣ್ಣು ಕೀಳಲು ವಾಲ್ನಟ್ ಮರ ಹತ್ತುವ ತಮ್ಮ
ಮೊಳೆಯಿಂದ ಇಳಿಸಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ.
ಅಣ್ಣನನ್ನು ಉಳಿಸಿದ್ದಲ್ಲವೇ!

ಕೇಳು, ಇನ್ನೊಂದು ಬೆಲ್ಟಿನ ಮಾತು ಹೇಳುತ್ತೇನೆ.
ನೀನು ಬರುವುದಕ್ಕೆ ಮುಂಚಿನದು.
ವಖ್ತಾಂಗ್ ಅಂತ, ಕಿಟಕಿ ಚೌಕಟ್ಟು ಕೂರಿಸುವವನು,
ಸಾರುವೆಯ ಮೇಲೆ ಬೆಕ್ಕಿನ ನಡಿಗೆ.
ಕೆಳಗಿನಿಂದ ಮೇಸ್ತ್ರಿ ಕತ್ತೆತ್ತಿ ನೋಡಿದರೆ
ಕೊಕ್ಕೆ ಸಿಕ್ಕಿಸಿದ ಹಾಗೇ ಕಾಣುತ್ತಿತ್ತು.
ಸಿಕ್ಕಿಸಿಯೂ ಇದ್ದ.
ತನ್ನ ಬೆಲ್ಟಿನ ಬಳೆಗೇ.
ತನಗೆ ತಾನೇ ಕಟ್ಟಿಕೊಂಡು ನಿಂತ ಮನುಷ್ಯ.

ಆ ಬೆಲ್ಟೂ ಇದೇ ಮೇಜಿಗೆ ಬಂತು.
ಎಷ್ಟು ಹೊತ್ತು ನೋಡಿದೆನೋ.
ಪಟ್ಟಿಯನ್ನು ಬೆರಳ ಮೇಲೆ ಬಗ್ಗಿಸಿ ಅಂಗುಲ ಅಂಗುಲ ಹುಡುಕಿದೆ,
ಉಪ್ಪು ತಿಂದ ಗುರುತು, ವೆಲ್ಡಿಂಗ್ ಕಿಡಿಯ ತೂತು, ಏನಾದರೂ.
ಇರಲಿಲ್ಲ.
ಕೆಂಪು ನೂಲಿನ ಒಂದೇ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.
ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು.
ನನ್ನ ಜನ್ಮದಲ್ಲಿ ನಾನು ಕಂಡ ಅತಿ ಕೆಟ್ಟ ಹೊಲಿಗೆ
ಆ ಬಿಚ್ಚದ ಹೊಲಿಗೆ.

ನಿನ್ನದು ನೋಡು, ಹೇಗೆ ಚಿಂದಿಯಾಗಿದೆ.
ಎಷ್ಟು ಚೆಂದ.

ಕೊಕ್ಕೆ ತಲೆಗಿಂತ ಮೇಲೆ ಹಾಕಿದ್ದೆ, ಕಾಲ ಬುಡದಲ್ಲಲ್ಲ.
ಕೆಳಗೆ ಬಡಿಯಲು ಏನೂ ಇಲ್ಲದಷ್ಟು ಬಯಲಿತ್ತು.
ಒಂಬತ್ತು ನಿಮಿಷಕ್ಕೆ ಎಳೆದುಕೊಂಡರು,
ಇನ್ನಷ್ಟು ತೂಗಿದ್ದರೆ ಕಾಲಲ್ಲೇ ರಕ್ತ ನಿಂತು
ಬದುಕಿದವನೇ ಸಾಯಬಹುದಿತ್ತು.
ಸಂತನಿಗೆ ಬತ್ತಿ ಹಚ್ಚು, ಬೇಡ ಅನ್ನುವುದಿಲ್ಲ.
ಕ್ರೇನಿನ ತಮಾಜ್‌ಗೂ ಒಂದು ಹಚ್ಚು.

ಕತ್ತರಿ ಹಳೆಯದು, ಕಾರ್ಖಾನೆಯದೇ.
ಭುಜದ ಪಟ್ಟಿ. ಎದೆಯದು. ತೊಡೆಯವು ಎರಡು.
ಆ ಕಡೆ ತಿರುಗು, ನೋಡಲಾಗದಿದ್ದರೆ.

ಚೂರುಗಳ ನಡುವಿಂದ ಕೆಂಪು ನೂಲೊಂದು
ಅವನ ಜೇಬಿಗೆ ಹೋಯಿತು.
ನಾನು ದಫ್ತರಿನಲ್ಲಿ ಬರೆಯುತ್ತಿದ್ದೆ, ಕಾಣಲಿಲ್ಲ:
ನಂಬರು. ತಾರೀಕು. ನಾಶಪಡಿಸಿದ ಕಾರಣ—
'ಕೆಲಸ ಮುಗಿಸಿತು.'

ಹೊಸದನ್ನು ತೊಡು. ಇಲ್ಲ, ಇನ್ನೂ ಬಿಗಿ.
ಪಟ್ಟಿಗೂ ತೊಡೆಗೂ ನಡುವೆ
ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು.
ಕೊಕ್ಕೆ ಒತ್ತು. ಬಿಡು. ಮತ್ತೆ ಒತ್ತು.
ಆ ಸದ್ದು ಕಿವಿಯಲ್ಲಿಟ್ಟುಕೊಂಡು ಹೋಗು.