ಅನಿಯಮಿತ

ಗುದೈಬಿಯಾದ ಮೂರನೇ ಮಹಡಿಯಲ್ಲಿ ಒಂದು ಕೋಣೆ,
ಮೂರು ಮಂಚ, ಒಂದು ಕಿಟಕಿ.
ಕಿಟಕಿಯಾಚೆ ಏಸಿ ಡಬ್ಬಿಯ ಮೇಲೆ ಕೂತ
ಬೂದು ಕತ್ತಿನ ಕಾಗೆ.
"ಕಾಗೆ ಮುಟ್ಟಿತೇನೇ?" ಎನ್ನುತ್ತಿದ್ದ ಅಜ್ಜಿಯ ಮಾತು
ಹಡಗು ಹತ್ತಿ ಬಂತೋ
ನಮ್ಮ ವಿಮಾನದ ಹಿಂದೆಯೇ ಹಾರಿ ಬಂತೋ.

ಫೋನು ಮೂವರಿಗೂ ಇತ್ತು.
ಮೈಮೂನಳ ಫೋನಿನ ಗುಟ್ಟಿನ ಅಂಕಿ ಅವಳಣ್ಣನಿಗೆ ಗೊತ್ತು.
ನನ್ನದನ್ನು, ಸೇತುವೆ ದಾಟಿ ದಮ್ಮಾಮಿನಿಂದ ಬಂದ ಶುಕ್ರವಾರ,
ಗಂಡ ಬೂಟು ಬಿಚ್ಚುವ ಮೊದಲೇ ಕೈಗೆತ್ತಿಕೊಳ್ಳುತ್ತಾನೆ.
ಜಸಿಂತಾಬಾಯಿಯ ಫೋನು ನೋಡುವವರು ಯಾರೂ ಇಲ್ಲ.
"ಅದೊಂದು ಸುಖ," ಅಂದಳು,
ನಗಲಿಲ್ಲ.

ಹಾಗಾಗಿ ಆಪ್ ಇಳಿದದ್ದು ಅವಳದರಲ್ಲಿ.
ಭಾಷೆಗಳ ಪಟ್ಟಿಯನ್ನು ತಳದವರೆಗೆ ಎಳೆದೆವು, ಕನ್ನಡವಿರಲಿಲ್ಲ.
ಹಿಂದಿಯಲ್ಲಿ ವಯಸ್ಸು ಕೇಳಿತು.
ಮೂವರದನ್ನೂ ಕೂಡಿಸಿ, ಭಾಗಿಸಿ,
ಮೂವತ್ನಾಲ್ಕು ಎಂದೆವು.

ರಾತ್ರಿಯಾದರೆ, ಮನಸ್ಸು ಹೇಗಿದೆ ಎಂದು
ಸಾಲು ಮುಖಗಳನ್ನು ತೋರಿಸುತ್ತದೆ.
ಅವನ್ನೇ ಹೆಸರು ಮಾಡಿಕೊಂಡೆವು.
ಅಳುವ ಮುಖ ಮೈಮೂನಾ, ಅವಳೋ ನಿದ್ದೆಯಲ್ಲೂ ನಗುವವಳು.
ಕೋಪದ್ದು ನಾನು.
ತೂಕಡಿಸುವ ಮುಖ ಜಸಿಂತಾಬಾಯಿ.
ಯಾರನ್ನು ಕಾಗೆ ಮುಟ್ಟಿತೋ
ಅವರು ಕೆಂಪು ಚುಕ್ಕಿ ಒತ್ತಿ, ತಮ್ಮ ಮುಖ ಒತ್ತಿ,
ಫೋನನ್ನು ಅಕ್ಕಿಡಬ್ಬಿಯ ಹಿಂದೆ ಇಡಬೇಕು.

ಹೋಟೆಲಿನ ಲಾಂಡ್ರಿ ನಮ್ಮದು, ದಿನಕ್ಕೆ ನಾನೂರು ಹಾಸು.
ರಕ್ತಕ್ಕೆ ತಣ್ಣೀರೇ ಆಗಬೇಕು,
ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ.
ಇದು ಆಪಿಗೆ ಗೊತ್ತಿಲ್ಲ.
ಅದಕ್ಕೆ ಗೊತ್ತಿರುವುದು ಬೇರೆ:
ಗರ್ಭ ನಿಲ್ಲುವ ದಿನಗಳಿಗೆ ಹಸಿರು ಬಳಿಯುತ್ತದೆ.
ಸಾಲ ತೀರುವ ತನಕ ಮಗು ಬೇಡವೆಂದು ನಾನು ಯಾರಿಗೂ ಹೇಳಿಲ್ಲ.
ಹಸಿರು ನೋಡಿ ಶುಕ್ರವಾರ ಹೊಟ್ಟೆನೋವು ಬರಿಸಿಕೊಳ್ಳೋಣವೆಂದರೆ
ಮೂರು ಮೈ ಕಲೆತು ತಿಂಗಳಿಡೀ ಹಸಿರು.
ಆ ವರ್ಷ ನನಗೆ ಎಷ್ಟು ಹೊಟ್ಟೆನೋವು!

ಆಮೇಲೊಂದು ದಿನ, ಅನ್ನ ಬಸಿಯುವ ಹೊತ್ತಿಗೆ, ಟಿಣ್ ಎಂದಿತು.
ನಿಮ್ಮ ಚಕ್ರ ಅನಿಯಮಿತ. ವೈದ್ಯರನ್ನು ಕಾಣಿರಿ.
ಅನಿಯಮಿತ. ಅದೊಂದು ಪದ ಮಾತ್ರ ನಮ್ಮ ಶಾಲೆಯಿಂದ ಬಂದ ಹಾಗಿತ್ತು.
"ಪಾಪ, ಒಬ್ಬಳೇ ಅಂದುಕೊಂಡಿದೆ!"
ಪಕ್ಕದ ಕೋಣೆಯವರು ಗೋಡೆ ಬಡಿಯುವ ತನಕ ನಕ್ಕೆವು.

ನಿದ್ದೆ ಬರಲಿಲ್ಲ ನನಗೆ.
ಲಾಂಡ್ರಿ ಚೀಟಿಯ ಬೆನ್ನಿಗೆ ಮೂರು ಗೆರೆ ಎಳೆದು
ಮುಖ ನೋಡಿ ಚುಕ್ಕಿ ಬಿಡಿಸಿದೆ,
ಕಲೆತ ಬೇಳೆಯನ್ನು ಮೊರದಲ್ಲಿ ಬೇರೆ ಮಾಡಿದಂತೆ.
ನನ್ನದು ಸರಿ.
ಮೈಮೂನಳದು ಎರಡು ದಿನ ಅತ್ತಿತ್ತ.
ತೂಕಡಿಸುವ ಮುಖ ಒಂಬತ್ತು ದಿನ,
ನಾಲ್ಕು ದಿನ ಬಿಡುವು,
ಮತ್ತೆ ಹನ್ನೊಂದು.
"ಮುಗಿಯುವ ಕಾಲ ಮಾರಾಯ್ತಿ, ಹಾಗೇ," ಎಂದು
ಎದ್ದು ಕೂತವಳು ಗೋಡೆಗೆ ಮುಖ ತಿರುಗಿಸಿದಳು.
ನಾನು ಚೀಟಿ ಮಡಿಸಿ ಅವಳ ಚಪ್ಪಲಿಯೊಳಗಿಟ್ಟೆ.

ಡಾಕ್ಟರಮ್ಮ ಕೇಳಿದ್ದು, ಕೊನೆಯ ಮುಟ್ಟು ಯಾವಾಗ?
ಜಸಿಂತಾಬಾಯಿ ಮಾತಾಡದೆ ಚೀಟಿ ಕೊಟ್ಟಳಂತೆ.
ಒಂದು ಬದಿ: ಹಾಸು ಹನ್ನೆರಡು, ದಿಂಬಿನ ಚೀಲ ನಲವತ್ತು.
ಇನ್ನೊಂದು ಬದಿ ಅವಳು.
ಬರೆದದ್ದು ಯಾರು ಎಂದು ಕೇಳಿದರಂತೆ.
ನಾನು ಹೊರಗೆ, ಟೋಕನ್ ಹಿಡಿದು,
ಗಾಜಿನ ಮೀನುತೊಟ್ಟಿಯ ಎದುರು ಕೂತಿದ್ದೆ.
ಒಂದೇ ಮೀನು. ಬಹಳ ನಿಧಾನ ತಿರುಗುತ್ತಿತ್ತು.

ಈಗ ಅವಳು ಗಂಗೊಳ್ಳಿಯಲ್ಲಿ.
ಗರ್ಭಕೋಶ ತೆಗೆದು ಐದು ತಿಂಗಳಾಯಿತು,
ಅದರೊಳಗಿದ್ದ ಗಡ್ಡೆಯೂ ಹೋಯಿತು.
ಅವಳ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ,
ಅಕ್ಕಿಡಬ್ಬಿಯ ಹಿಂದೆ ಬರೀ ಧೂಳು.
ಆದರೆ ಫೋನು ಅವಳ ಬಳಿಯಿದೆಯಲ್ಲ,
ಮೀನುಪೇಟೆಯ ಗದ್ದಲದ ನಡುವೆ ಧ್ವನಿ ಕಳಿಸುತ್ತಾಳೆ:
"ಏ, ಕಾಗೆ ಮುಟ್ಟಿತಾ? ಇಬ್ಬರೂ ಹೇಳಿ, ಒತ್ತಬೇಕು."
ಒತ್ತುತ್ತಾಳೆ, ಅಳುವ ಮುಖ, ಕೋಪದ ಮುಖ,
ತಪ್ಪದೆ.

ಆಪಿಗೆ ಇನ್ನೂ ತಿಳಿದಿಲ್ಲ.
ಗಂಗೊಳ್ಳಿಯ ಹೆಂಗಸೊಬ್ಬಳು ತಿಂಗಳಿಗೆ ಎರಡು ಸಲ
ಮನಾಮದಲ್ಲಿ ಮುಟ್ಟಾಗುತ್ತಾಳೆ.