ಬೆಂಗ್ರೆ ಶಾಲೆಯಲ್ಲಿ ಚೆನ್ನೆಮಣೆ

ಬಂದರಿನಿಂದ ಒಂಬತ್ತರ ದೋಣಿಗೆ ಬಂದೆ,
ತೊಡೆಯ ಮೇಲೆ ಲಸಿಕೆಯ ನೀಲಿ ಡಬ್ಬ,
ಚೀಲದಲ್ಲಿ ಅಜ್ಜಿಯ ಚೆನ್ನೆಮಣೆ.
ಆಟಿ ಕಳೆದ ಮೇಲೆ ಅದನ್ನು ಅಟ್ಟದಿಂದ ಇಳಿಸಬಾರದಂತೆ.
ಇಳಿಸಿದ್ದೇನೆ. ಅಜ್ಜಿ ಕ್ಷಮಿಸಲಿ, ಇದು ಕಚೇರಿ ಕೆಲಸ.

ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಹುಣಸೆಬೀಜ.
ಐವತ್ತಾರು ಮಕ್ಕಳು, ಎಂದೆ. ಗುಳಿ ಅಂದರೆ ಮನೆ:
ಇದು ದಕ್ಕೆ ಬದಿಯದು, ಇದು ಮಸೀದಿ ಹಿಂದಿನದು,
ಇದು ಭಜನಾ ಮಂದಿರದ ಓಣಿ.
ಒಂದೇ ಒಂದು ಮಂಜೊಟ್ಟಿ, ಕೆಂಪು.
ಅದು ದಡಾರ.

ಕೆಂಪು ಬಿದ್ದ ಮನೆಯ ಬೀಜವೆಲ್ಲ ಕೆಂಪು,
ಕೆಂಪಾದದ್ದನ್ನು ಎತ್ತಿ ಮುಂದಿನ ಮನೆಗಳಿಗೆ ಹಂಚು.
ನಾಲ್ಕನೇ ಸುತ್ತು ಮುಗಿಯುವ ಮೊದಲೇ
ತಂದ ಮಂಜೊಟ್ಟಿ ಸಾಲದಾಯಿತು.
ಮಕ್ಕಳು ಕೇಕೆ ಹಾಕಿದರು.
ಲೋಹಿತಾಕ್ಷ ಹೇಳಿದ:
"ಸಿಸ್ಟರ್, ಇದರಲ್ಲಿ ಕೆಂಪು ಸೋಲುವುದೇ ಇಲ್ಲ."

ಮಳೆಗೆ ಕಿಟಕಿ ಮುಚ್ಚಿದ ಅಂಗನವಾಡಿಯಲ್ಲಿ
ಒಬ್ಬ ಕೆಮ್ಮಿ ಎದ್ದು ಹೋಗಲಿ, ಎಂದೆ,
ಅವನ ಕೆಮ್ಮು ಮಾತ್ರ ಎರಡು ಗಂಟೆ
ಚಾಪೆಯ ಮೇಲೇ ಕೂತು ಹಾಜರಿ ಹೇಳುತ್ತದೆ.

ಎರಡನೇ ಆಟಕ್ಕೆ ಅರ್ಧಕ್ಕರ್ಧ ಕವಡೆ.
ಕವಡೆ ಅಂದರೆ ಎರಡೂ ಸೂಜಿ ಆದವರು, ಕೆಂಪಾಗುವುದಿಲ್ಲ.
ಕೆಂಪು ಸ್ವಲ್ಪ ತಡವರಿಸಿತು,
ಕರೆಂಟು ಹೋದಾಗ ಗೋಡೆ ಹಿಡಿದು ನಡೆಯುವವರ ಹಾಗೆ.
ಆಮೇಲೆ ದಾರಿ ಸಿಕ್ಕಿತು.

ಮೂರನೆಯದಕ್ಕೆ ಐವತ್ತಮೂರು ಕವಡೆ, ಮೂರೇ ಹುಣಸೆಬೀಜ.
ಮನೆಯಿಂದ ಮನೆಗೆ ಹೋಯಿತು ಕೆಂಪು,
ಯಾರೂ ಬಾಗಿಲು ತೆರೆಯಲಿಲ್ಲ.
ಮಣೆಯ ಮೂಲೆಯಲ್ಲಿ ಸುಮ್ಮನೆ ಕೂತಿತು.

"ಈ ಮೂರು ಯಾರು?" ಶಿಫಾನಾ ಕೇಳಿದಳು.
ಒಂದು, ಸೂಜಿಯ ಪ್ರಾಯವಾಗದ ಕೂಸು.
ಇನ್ನೊಂದು, ರಕ್ತದ ಕ್ಯಾನ್ಸರಿಗೆ ಮದ್ದಿನಲ್ಲಿರುವ ಹುಡುಗ,
ಅವನಿಗೆ ಕೊಡುವಂತಿಲ್ಲ.
ಮೂರನೆಯದು, ಡಬ್ಬ ನಮ್ಮೂರಿಗೆ ಬರುವ ಮುಂಚಿನ
ನನ್ನ ತಮ್ಮ, ಎನ್ನಲಿಲ್ಲ.
ಯಾರೋ, ಎಂದೆ.

ಅವಳು ಮೊದಲ ಬೀಜವನ್ನು ಎತ್ತಿಕೊಂಡಳು.
"ಇದು ನಮ್ಮ ಪಾಪು. ಹೆಸರಿಟ್ಟು ಎಂಟು ದಿನ."
ಮುಷ್ಟಿ ಕಟ್ಟಿದಳು.
ಆಟದಲ್ಲಿ ಮುಷ್ಟಿಗೆ ನಿಯಮವಿಲ್ಲ.
ಸುತ್ತಲಿನ ಕವಡೆಗಳೇ ಮುಷ್ಟಿ ಎಂದು
ಹೇಳಲು ಹೊರಟವಳು ಅವಳ ಬೆರಳ ಗೆಣ್ಣು
ಬೆಳ್ಳಗಾದದ್ದು ನೋಡಿ ಬಿಟ್ಟೆ.

ರಿಜಿಸ್ಟರ್ ತೆರೆದೆ. ಐವತ್ತೊಂದು ಹೆಸರಿಗೆ ಗುರುತಿದೆ.
ಎರಡು ಮನೆ ಬಾಕಿ:
ಒಂದರ ನಾಯಿಗೆ ನನ್ನ ಗುರುತುಂಟು,
ಇನ್ನೊಂದರ ಅತ್ತೆಗೆ ನಾಯಿಗಿಂತ ಹೆಚ್ಚು.
ಐದರ ದೋಣಿಗೆ ಇನ್ನೂ ಹೊತ್ತಿದೆ.
ಡಬ್ಬದ ಐಸು ಕರಗಿಲ್ಲ, ಮುಟ್ಟಿ ನೋಡಿದೆ.
ಎಣಿಸಿ ಚೀಲಕ್ಕೆ ಹಾಕುವಾಗ
ಬೀಜ ಒಂದು ಕಡಿಮೆ.