ಲಾಂಜಾರೊಟ್ಟಿ

ಸ್ಟೇಷನ್ ರೋಡಿನ ಇರ್ಫಾನ್ ನದಾಫ
ಉಮ್ರಾದ ಪಟಗೋಳ ನಡಬರಕ ಒಂದ ಹಡಗ ತೂಗಹಾಕ್ಯಾನ.
ಹನ್ನೊಂದ ಅಂತಸ್ತು. ಮ್ಯಾಲ ಈಸಾಡಾಕ ಹೊಂಡ.
"ಸಮುದ್ರದಾಗ ಹೋಗಾವ್ರಿಗೆ ಮತ್ತ ಹೊಂಡ ಯಾಕೋ?"
ಅಂತ ದಾನವ್ವ ಕೇಳಿದ್ಲು. ಅವಂಗೂ ಗೊತ್ತಿರಲಿಲ್ಲ.

ಐದ ನಡುಗಡ್ಡಿ, ಎಂಟ ರಾತ್ರಿ.
ಎಲ್ಲಾ ಬೆಂಕಿ ಉಗುಳಿ ಹುಟ್ಟಿದ್ದು,
ಚಳಿಗಾಲದಾಗೂ ಬೆಚ್ಚಗ.
ಲಾಂಜಾರೋಟೆ ಅಂದ ಅವ.
ಲಾಂಜಾರೊಟ್ಟಿ ಅಂತ ಬರಕೊಂಡ್ಲು ಈಕಿ,
ಹಾಲಿನ ಲೆಕ್ಕದ ವಹಿಯ ಹಿಂದಿನ ಹಾಳ್ಯಾಗ.
ಅಲ್ಲೊಂದ ಕಡೆ ನೆಲದ ಕಾವಿಗೇ ಅಡಗಿ ಮಾಡ್ತಾರಂತ:
ಒಂದ ಬಾವಿ, ಮ್ಯಾಲ ಒಂದ ಜಾಳಗಿ, ಕಡ್ಡಿ ಗೀರೂ ಕೆಲಸಿಲ್ಲ.
ಆಕಿ ಪೆನ್ನ ನಿಂತಿತು.
"ಹಂಚ ಒಯ್ಯಾಕ ಬಿಡ್ತಾರೇನ?"

ಕಿಡಕಿ ಇರೂ ಖೋಲಿಗೆ ಒಂದ ರೇಟ, ಇಲ್ಲದ್ದಕ್ಕ ಒಂದ.
ನಡುವಿನ ಅಂತರ ನನ್ನ ಗಾಡಿಯ ಎರಡ ಹ್ಯಾಮರ್ ಬಿಟ್ಟಿನಷ್ಟು.
ಕಿಡಕಿ ಬ್ಯಾಡ, ಅಂದೆ.
ಮೂವತ್ತೊಂದ ವರ್ಷ ಆರೂವರಿ ಇಂಚಿನ ತೂತಿನಾಗ
ಬಗ್ಗಿ ನೋಡಕೋತ ಬಂದಾಂವ ನಾ.

ಮೊದಲ ಎರಿ. ಆಮ್ಯಾಲ ಕರಿಗಲ್ಲು, ಕರಿಗಲ್ಲು,
ಕಂಪ್ರೆಸರ್ ಹೊಯ್ಕೊಂಡಂಗೆಲ್ಲ ಬೂದಿಯಂಥ ಪುಡಿ.
ನೂರಾ ಅರವತ್ತಕ್ಕ ಒಮ್ಮೆಲೆ ಕೆಂಪು,
ಕುಂಬಾರನ ಆವಿಗಿ ಒಡದಂಗ.
ಮತ್ತ ಕರಿಗಲ್ಲು.
ತಿಕೋಟಾದ ಹತ್ರ ಒಮ್ಮೆ ನೆಲ ನೋಡಾಕ ಬಂದ ಸಾಹೇಬ
ಆ ಕೆಂಪ ಪುಡಿ ಅಂಗೈಯಾಗ ಹಿಡದು ಹೇಳಿದ್ದ:
ಇದು ಮಣ್ಣ ಇತ್ತು. ಹುಲ್ಲ ಬೆಳೀತಿತ್ತು.
ಮ್ಯಾಲ ಇನ್ನೊಂದ ಬೆಂಕಿ ಹರದು ಸುಟ್ಟೈತಿ.
ನೀ ನಿಂತದ್ದು ಆರಿದ ಬೆಂಕಿ ಮ್ಯಾಲ, ಶಿವಪುತ್ರಪ್ಪ.
ಅವತ್ತ ನಾನೂರ ಅಡಿ ಹೋದ್ವಿ. ಬರೇ ಧೂಳ.
ದ್ರಾಕ್ಷಿ ಪಡದ ಮಾಲಕ ಮುಖ ಒರಸ್ಕೊಂಡ,
ಅಡಿ ಲೆಕ್ಕದಾಗ ರೊಕ್ಕ ಎಣಿಸಿ ಕೊಟ್ಟ.
ನಾ ಎಣಿಸಿ ತೊಗೊಂಡೆ.

ಇದನ್ನ ಇರ್ಫಾನಗ ಹೇಳಿಲ್ಲ. ದಾನವ್ವಗ ಗೊತ್ತೈತಿ:
ನೀರ ಬಿದ್ದ ದಿನ ನಾ ಬಾಗಲದಾಗಿಂದನ ಹೇಳಕೋತ ಬರ್ತೀನಿ,
ಒಣಾ ಬೋರಿನ ದಿನ
ಚಪ್ಪಲಿ ಝಾಡಸ್ಕೊಂತ ಹೊರಗ ನಿಂದರ್ತೀನಿ.
ಅದಕ್ಕ ಇರಬೇಕು, ಸುತ್ತೂ ಕಡೆ ನೀರ ಇದ್ದಲ್ಲಿ
ಎಂಟ ರಾತ್ರಿ ಕಾಲ ಚಾಚಿ ಮಲಗಾಕ ನನಗ ನಾಚಿಕಿ.

ಇನ್ನೊಂದ ಪಟದಾಗ ಕರಿ ಬೂದಿಯ ಇಳಿಜಾರು,
ಒಂದೊಂದ ಬಳ್ಳಿಗೆ ಒಂದೊಂದ ಕುಣಿ,
ಗಾಳಿಗೆ ಅಡ್ಡ ಅರ್ಧಚಂದ್ರದಂಥ ಕಲ್ಲ ಗ್ವಾಡಿ.
ದ್ರಾಕ್ಷಿ! ಅದೂ ಮಳಿ ಅಂದ್ರ ಅಷ್ಟಕ್ಕಷ್ಟ ಇರೂ ನಾಡಿನಾಗ.
ರಾತ್ರಿಯ ಇಬ್ಬನಿ ಬೂದಿ ಕುಡದು ಇಟ್ಕೊಂಡು
ಹಗಲೆಲ್ಲಾ ಬೇರಿಗೆ ಹನಿಸತೈತಂತ.
"ಬೋರ್ ಹಾಕ್ಸಾಂಗಿಲ್ಲೇನು?" ಅಂದೆ.
ಇರ್ಫಾನ್ ಪುಸ್ತಕ ಹೊಳ್ಳಿಸಿ ನೋಡಿದ. ಹಂಗೇನೂ ಬರದಿಲ್ರಿ ಕಾಕಾ.
ಒಂದ ಗಳಗಿ ನನ್ನ ಧಂದೆನ ಮುಳಗಿ ಹೋತು
ಅಲ್ಲೇ, ಸ್ಟೇಷನ್ ರೋಡಿನ ಮ್ಯಾಲ.

ಮೊದಲ ಕಂತ ಕಟ್ಟೀವಿ. ಕಿಡಕಿ ಇರೂ ಖೋಲಿಗೇ.
ದಾನವ್ವ ನನ್ನ ಕೇಳಲಿಲ್ಲ, ತನ್ನ ಭಿಶಿ ಎತ್ತಿದ್ಲು.
ಪಾಸ್‌ಪೋರ್ಟ್ ಫೋಟೋದಾಗ ಹಲ್ಲ ಕಾಣಬಾರದಂತ,
ಮೂರ ಸಲ ನಕ್ಕು ಮೂರ ಸಲ ಬೈಸ್ಕೊಂಡ್ಲು.
ವಾಂತಿಗೆ ಇಂಡಿ ಲಿಂಬಿಹಣ್ಣ ಎರಡ ಡಜನ್, ವಹ್ಯಾಗ ಐತಿ.
ಹಂಚಿನ ಮುಂದ ಇನ್ನೂ ಖಾಲಿ.

ಈಗ ರಾತ್ರಿ ಹತ್ತೂವರಿ, ಮೇ ತಿಂಗಳ.
ಮಾಳಗಿಯ ಫರಸಿ ಇನ್ನೂ ಕಾದೈತಿ,
ನೀರ ಚಿಮುಕಿಸಿದ್ರ ಕಾಲಿಡೂದರಾಗ ಆರತೈತಿ.
"ಅಲ್ಲಿ ಕಲ್ಲ ಮುಟ್ಟಬೇಕ ನೀ," ಅಂತಾಳ,
"ಜಲ್ಮೆಲ್ಲಾ ಆರಿದ್ದಷ್ಟ ಕೊರದೀ.
ಬಿಸಿ ಇದ್ದಾಗ ಹ್ಯಾಂಗಿರತೈತಿ ನೋಡ ಒಮ್ಮೆ."
ನಾ ಅಂಗೈ ಫರಸಿಗೆ ಹಚ್ಚಿ ಮಲಗೀನಿ.
ಹಡಗ ಅಲ್ಲಾಡಿದ್ರ ಹ್ಯಾಂಗ ನಡೀಬೇಕಂತ
ಆಕಿ ಸೀರಿ ಎತ್ತಿ ಹಿಡಕೊಂಡು
ಈ ತುದಿಯಿಂದ ಆ ತುದಿಗೆ ನಡ್ಯಾಕ ಹತ್ಯಾಳ,
ಎಡಕ್ಕ ವಾಲಿ, ಬಲಕ್ಕ ವಾಲಿ.
ನೀರಿನ ಟಾಕಿ ಸಿಕ್ಕಕೂಡ್ಲೆ ಅದನ್ನ ತೆಕ್ಕಿ ಹಾಯ್ದು
"ಬಂದರ ಬಂತ್ರಿ," ಅಂದ್ಲು, "ಇಳೀರಿ."